ಎರವಿನ ಕಣ

ರೋಣ, ನರಗುಂದಗಳ ಎರೆಸೀಮೆಯಲ್ಲಿ ಸುಗ್ಗಿಯ ದಿನಗಳು ಹತ್ತಿರವಾದಂತೆ ಹಿಂದೆ ಹೊಲಹೊಲಕ್ಕೂ ಒಂದೊಂದು ಅಂಗಳವು ಹುಟ್ಟುತ್ತಿತ್ತು. ಅದಕ್ಕೆ ಅಡಿಗಲ್ಲಿಲ್ಲ, ಗೋಡೆಯಿಲ್ಲ, ಮಾಳಿಗೆಯ ಮಾತಂತೂ ಇಲ್ಲವೇ ಇಲ್ಲ. ಒಕ್ಕಲಿಗನು ಗಾಳಿ ಚೆನ್ನಾಗಿ ಆಡುವ ಒಂದು ಎಡೆಯನ್ನು ಆರಿಸಿ, ಕೂಳೆಯನ್ನು ಕಿತ್ತು, ನೆಲಕ್ಕೆ ನೀರು ಹೊಡೆದು, ಎತ್ತುಗಳಿಂದ ತುಳಿಸಿ, ಸೆಗಣಿಯಿಂದ ಸಾರಿಸಿ, ನಟ್ಟನಡುವೆ ಮೇಟಿಯನ್ನು ನಿಲ್ಲಿಸಿದನೆಂದರೆ ಕಣವು ಸಿದ್ಧವಾಯಿತು. ಅಲ್ಲಿ ಹಂತಿ ಕಟ್ಟಿ ಜೋಳವನ್ನು ಒಕ್ಕಿ, ತೂರಿ, ರಾಶಿ ಮಾಡಿ, ಕಾಳು ಹಗೇವಿಗೂ ಹೊಟ್ಟು ಹಿತ್ತಲಿಗೂ ಸೇರಿದ ಬಳಿಕ ಮೇಟಿಯನ್ನು ಕಿತ್ತು ಮನೆಯ ಸೂರಿನ ಕೆಳಗೆ ಇಡುವದು. ಮುಂಗಾರಿನ ಮೊದಲ ಹದಕ್ಕೆ ಆ ನೆಲದ ಮೇಲೆಯೇ ಕುಂಟೆ ಹೊಡೆಯುವದು. ಕಣವಿದ್ದ ಠಾವು ಮುಂದೆ ಆ ಹೊಲದವನಿಗೂ ಸರಿಯಾಗಿ ತೋರುತ್ತಿರಲಿಲ್ಲ.

ಈ ಕಣವೆಂಬ ಮಾತನ್ನೇ ಕನ್ನಡಿಗರು ಕುಸ್ತಿಯಾಡುವ ನೆಲಕ್ಕೂ ಇಟ್ಟರು. ಕಾದುವ ನೆಲಕ್ಕೆ ರಣಕಣವೆಂದರು. ಹಳಗನ್ನಡದ ಕಳವೆಂಬ ಶಬ್ದಕ್ಕೂ ತಮಿಳರ ಕಳಂ ಎಂಬದಕ್ಕೂ ಒಕ್ಕುವ ನೆಲ, ಕಾದುವ ನೆಲ ಎಂಬ ಎರಡು ಅರ್ಥಗಳೂ ಉಂಟು. ಕಾಳು-ಹೊಟ್ಟು ಬೇರೆಯಾಗುವ ಸ್ಥಳಕ್ಕೂ ಗೆದ್ದವ-ಸೋತವ ಬೇರೆಯಾಗುವ ಸ್ಥಳಕ್ಕೂ ಒಂದೇ ಹೆಸರು ಸಲ್ಲುವದರಲ್ಲಿ ಆಶ್ಚರ್ಯವೇನೂ ಇಲ್ಲ. ಆದರೆ ಅವೆರಡಕ್ಕೂ ಇನ್ನೊಂದು ಸಾಮ್ಯವಿದೆ. ಎರಡೂ ಕೆಲಸ ತೀರಿದೊಡನೆ ಇಲ್ಲವಾಗತಕ್ಕವು. ಚುನಾವಣೆಯ ಕಣವೆಂದು ವೃತ್ತಪತ್ರಗಳು ಬಳಸುವ ಮಾತು ಕೂಡ ಈ ಅರ್ಥದಲ್ಲಿ ಸುಳ್ಳಲ್ಲ. ಮತದಾನ ಮುಗಿದ ಮರುದಿನ ಶಾಲೆಯ ಕೋಣೆಯು ಮತ್ತೆ ಶಾಲೆಯೇ ಆಗುತ್ತದೆ.

ಜಗತ್ತಿನ ದೊಡ್ಡ ಕ್ರೀಡಾಕೂಟಗಳನ್ನು ನಡೆಸುವವರು ಈಚೆಗೆ ಇಂಥದೇ ಒಂದು ವಿಚಾರವನ್ನು ಬಹು ಉತ್ಸಾಹದಿಂದ ಎತ್ತಿಕೊಂಡಿದ್ದಾರೆ. 2004ರ ಅಥೆನ್ಸ್ ಒಲಿಂಪಿಕ್ಸಿಗೆಂದು ಕಟ್ಟಿದ ಅಂಗಣಗಳಲ್ಲಿ ಹಲವು ಆಟ ಮುಗಿದ ಮೇಲೆ ಯಾರಿಗೂ ಬೇಡವಾಗಿ, ಕಸಕಡ್ಡಿ ಬೆಳೆದು ಹಾಳು ಸುರಿದುದನ್ನು ಲೋಕವೆಲ್ಲ ನೋಡಿತು. ಹದಿನೈದು ದಿನದ ಆಟಕ್ಕೆ ನೂರು ವರುಷದ ಕಟ್ಟಡವೇಕೆ ಎಂಬ ಪ್ರಶ್ನೆಯು ಆಗ ತಾನಾಗಿಯೇ ಎದ್ದಿತು. 2012ರಲ್ಲಿ ಲಂಡನ್ನಿನವರು ಬಾಸ್ಕೆಟ್‌ಬಾಲ್ ಆಟಕ್ಕಾಗಿ 12,000 ಜನ ಕೂಡ್ರುವ ಮಂಟಪವನ್ನು ಉಕ್ಕಿನ ಹಂದರದ ಮೇಲೆ ಬಿಳಿಯ ಹೊದಿಕೆ ಹೊದಿಸಿ ನಿಲ್ಲಿಸಿ, ಕೂಟ ಮುಗಿದ ಮೇಲೆ ಬಿಚ್ಚಿಬಿಟ್ಟರು. ಅಂದಿನಿಂದ ಬಿಚ್ಚುವ ಅಂಗಣಗಳ ಮಾತು ಪ್ರತಿಯೊಂದು ಕೂಟದಲ್ಲಿಯೂ ಬರತೊಡಗಿದೆ. ಪಂಡಿತರು ಇದನ್ನು ಹೊಸ ಶೋಧವೆಂಬಂತೆ ವರ್ಣಿಸುವರು. ಜಾತ್ರೆಯ ಕುಸ್ತಿಯನ್ನು ನೋಡುತ್ತ ಬೆಳೆದ ಈ ಸೀಮೆಯವರಿಗೆ ಅದರಲ್ಲಿ ಹೊಸದು ಯಾವದು, ಹಳೆಯದು ಯಾವದು ಎಂದು ಬೇರ್ಪಡಿಸುವದು ಅಷ್ಟೊಂದು ಕಷ್ಟವಾಗಲಾರದು.

ಜಾತ್ರೆಯ ಕಣವನ್ನು ಕಟ್ಟುವ ರೀತಿಯನ್ನು ತುಸು ವಿವರವಾಗಿ ನೋಡತಕ್ಕದ್ದು. ಮೊದಲನೆಯದಾಗಿ ನೆಲ. ಎರೆಯ ಮಣ್ಣು ಬೆಳೆಗೆ ತಾಯಿಯಾದರೂ ಕುಸ್ತಿಗೆ ಒಲ್ಲದು; ಹಸಿಯಾದಾಗ ಕಾಲಿಗೆ ಅಂಟಿ ಬಿಡದು, ಒಣಗಿದಾಗ ಕೈ ಹೊಗುವಷ್ಟು ಬಿರಿದು ಹೆಂಟೆಗಟ್ಟುವದು. ಆದುದರಿಂದ ಮಸಾರಿಯ ಕೆಂಪು ಮಣ್ಣನ್ನು ಬೇರೆಡೆಯಿಂದ ಹೇರಿಕೊಂಡು ಬರಬೇಕು. ಗಜೇಂದ್ರಗಡದ ಗುಡ್ಡದ ಮಗ್ಗುಲಲ್ಲಿ ಇದ್ದವರಿಗೆ ಇದು ಸುಲಭ, ಬಯಲಿನ ನಡುವೆ ಇದ್ದವರಿಗೆ ದೂರ. ತಂದ ಮಣ್ಣನ್ನು ಸಾಣಿಸಿ, ಹರಳು ಬೇರುಗಳನ್ನು ಆರಿಸಿ, ಮಜ್ಜಿಗೆ, ಎಣ್ಣೆ, ಅರಿಶಿನಗಳನ್ನು ಕೂಡಿಸಿ, ಮೇಲೆ ಕೆಳಗೆ ಮಾಡಿ ಹದಕ್ಕೆ ತರುವರು. ಮಣ್ಣು ಮೈಗೆ ಹತ್ತಬೇಕು, ಆದರೆ ಮೈಯನ್ನು ತರಚಬಾರದು. ಬಿದ್ದವನನ್ನು ಹೊರಬೇಕು, ಆದರೆ ಕಾಲನ್ನು ನುಂಗಬಾರದು. ಈ ಹದವು ಒಂದು ದಿನದಲ್ಲಿ ಬರುವಂಥದಲ್ಲ. ಜಾತ್ರೆಗೆ ಮೊದಲು ಎಷ್ಟೋ ದಿನ ಗರಡಿಯ ಹುಡುಗರು ಅದನ್ನು ಅಗೆದು, ತುಳಿದು, ಹೊರಳಾಡಿ ಪಳಗಿಸಬೇಕಾಗುವದು. ಸೋತವನನ್ನು ಕುರಿತು ಬೆನ್ನಿಗೆ ಮಣ್ಣು ಹತ್ತಿತೆಂದು ಆಡುವರಷ್ಟೆ; ಆ ಮಾತು ನಿಜವಾಗಬೇಕಾದರೆ ಮಣ್ಣು ಹತ್ತುವಂತಿರಬೇಕು.

ಎರಡನೆಯದು ನೋಡುವವರಿಗೆ ಕೂಡ್ರಲು ತಾಣ. ಇದಕ್ಕೆ ಹಿಂದೆ ಖರ್ಚೆಂಬದೇ ಇರಲಿಲ್ಲ. ಸುತ್ತಲಿನ ಹಳ್ಳಿಗಳಿಂದ ಜನ ಬರುತ್ತಿದ್ದ ಚಕ್ಕಡಿಗಳನ್ನೇ ಕಣದ ಸುತ್ತ ಸಾಲಾಗಿ ಬಿಟ್ಟು, ಎತ್ತುಗಳನ್ನು ದೂರ ಕಟ್ಟಿದರೆ, ನೆಲದ ಮೇಲೆ ಕುಳಿತವರದೊಂದು ಸಾಲು, ಅವರ ಹಿಂದೆ ನಿಂತವರದೊಂದು ಸಾಲು, ಚಕ್ಕಡಿಯ ಮೇಲಿನವರದು ಮೂರನೆಯ ಸಾಲು, ಬೇವಿನ ಮರದ ಮೇಲಿನ ಹುಡುಗರದು ನಾಲ್ಕನೆಯದು. ಗುಡ್ಡದ ಸೆರಗಿನ ಊರುಗಳಲ್ಲಿ ಓರೆಯಾದ ನೆಲವೇ ಮೆಟ್ಟಲಿನ ಕೆಲಸ ಮಾಡುತ್ತಿತ್ತು. ಪಂಚರಿಗೂ ಹಿರಿಯರಿಗೂ ಒಂದು ಹಂದರ ಬೇಕು. ಅದರ ಗಳಗಳು ಒಬ್ಬರ ಮನೆಯವು, ಹಗ್ಗ ಇನ್ನೊಬ್ಬರದು, ಜಮಖಾನೆ ಮಠದ್ದು ಇಲ್ಲವೆ ಗುಡಿಯದು, ನೀರಿನ ಹಂಡೆ ಮತ್ತೊಬ್ಬರದು. ಇಲ್ಲೊಂದು ಕಟ್ಟಳೆ ಉಂಟು: ಎರವಿನ ಗಳಕ್ಕೆ ಮೊಳೆ ಹೊಡೆಯಲಾಗದು. ಹಗ್ಗದಿಂದಲೇ ಬಿಗಿಯಬೇಕು, ಹಗ್ಗವನ್ನು ಸಹ ಕಡಿಯದೆ ಬಿಚ್ಚಬೇಕು. ಮರಳಿ ಒಯ್ಯುವ ದಿನ ಗಳವು ತಂದ ದಿನದಂತೆಯೇ ಇರಬೇಕಾದ ಕಾರಣ ಕಟ್ಟುವ ವಿದ್ಯೆಯೇ ಬಿಚ್ಚುವ ವಿದ್ಯೆಯ ಅಂಕೆಯಲ್ಲಿ ಬೆಳೆಯಿತು.

ಹಲಗೆಯ ಸಪ್ಪಳ ನಿಂತು, ಕೊನೆಯ ಜೋಡಿಯ ಇನಾಮು ಕೊಟ್ಟಾದ ಮೇಲೆ ನಡೆಯುವ ಕೆಲಸವನ್ನು ನೋಡಲು ಯಾರೂ ನಿಲ್ಲುವದಿಲ್ಲ; ಆದರೆ ಅದು ನೋಡತಕ್ಕದ್ದು. ಚಕ್ಕಡಿಗಳು ಬಂದವರನ್ನೇ ಹೊತ್ತು ಊರಿಗೆ ಹೊರಟವು. ಗಳಗಳು ಸುಣ್ಣದ ಗುರುತನ್ನು ನೋಡಿ ಅವರವರ ಮನೆಗೆ ಹೋದವು. ಹಂಡೆ ಕೊಡಗಳ ಕಂಠದ ಮೇಲೆ ಮನೆತನದ ಹೆಸರು ಕೊರೆದಿರುತ್ತಿತ್ತು, ಆದುದರಿಂದ ಜಗಳಕ್ಕೆ ಆಸ್ಪದವಿರಲಿಲ್ಲ (ಪೂರ್ಣವಾಗಿ ಇರಲಿಲ್ಲವೆಂದು ಹೇಳಿದರೆ ಯಾವ ಗೃಹಿಣಿಯೂ ನಂಬಲಾರಳು). ಪಳಗಿದ ಕೆಂಪು ಮಣ್ಣು ಗರಡಿಯ ಪಾಲಿಗೆ ಲಾಭ. ಉಳಿದದ್ದು ನೆಲ; ಅದೂ ಹೊಲದಿಂದ ಎರವು ತಂದದ್ದೇ. ಹಿಂಗಾರಿಯ ಪೈರು ಮನೆಗೆ ಬಂದು, ಮುಂಗಾರಿ ಇನ್ನೂ ಬಾರದೆ ಇರುವ ನಡುವಿನ ಬಿಡುವಿನಲ್ಲಿ ಭೂಮಿಯು ಆಟಕ್ಕೆ ಸಿಗುತ್ತಿತ್ತು. ಖಾಲಿ ಚಕ್ಕಡಿಯ ಓಟ, ತೆರಬಂಡಿಯ ಪಂತ, ಗುಂಡುಕಲ್ಲು ಎತ್ತುವ ಪಂತ, ಎಲ್ಲವೂ ಈ ಬಿಡುವಿನ ಮಕ್ಕಳು.

ಹೀಗಿರಲು 2022ರಲ್ಲಿ ಕತಾರ ದೇಶದವರು ಜಗತ್ತಿನ ಫುಟ್‌ಬಾಲ್ ಕಪ್ಪಿಗಾಗಿ ದೋಹಾದ ಸಮುದ್ರದಂಡೆಯಲ್ಲಿ ಕಟ್ಟಿದ ಅಂಗಣದ ಸಂಗತಿಯನ್ನು ನೋಡಬೇಕು. ಹಡಗಿನಲ್ಲಿ ಸರಕು ಸಾಗಿಸುವ ಉಕ್ಕಿನ ಪೆಟ್ಟಿಗೆಗಳನ್ನು ಒಂದರ ಮೇಲೊಂದು ಪೇರಿಸಿ, ಉಕ್ಕಿನ ಚೌಕಟ್ಟಿನಲ್ಲಿ ಕೂಡಿಸಿ, 40,000ಕ್ಕೂ ಮಿಕ್ಕಿ ಜನ ಕೂಡ್ರುವಂತೆ ಮಾಡಿದರು. ಪೆಟ್ಟಿಗೆಗಳ ಸಂಖ್ಯೆ 974. ಆ ದೇಶದ ದೂರವಾಣಿಯ ಸಂಕೇತವೂ ಅದೇ ಆಗಿದ್ದುದರಿಂದ ಅಂಗಣಕ್ಕೆ 974 ಎಂದೇ ಹೆಸರಿಟ್ಟರು. ಉಳಿದ ಏಳು ಅಂಗಣಗಳಿಗೆ ತಂಪು ಮಾಡುವ ಯಂತ್ರಗಳನ್ನು ಕೂಡಿಸಿದ್ದರು. ಇದೊಂದು ಮಾತ್ರ ಸಮುದ್ರದ ಗಾಳಿಯನ್ನು ನಂಬಿ, ಸಂಜೆಯ ಮೇಲಿನ ಆಟಗಳಿಗೆ ಮೀಸಲಾಯಿತು. ಗಾಳಿಯಾಡುವ ಎಡೆಯನ್ನು ನೋಡಿ ಕಣ ಮಾಡುವ ಒಕ್ಕಲಿಗನು ಇದಕ್ಕೆ ತಲೆದೂಗದೆ ಇರನು. ಅಲ್ಲಿ ಏಳು ಪಂದ್ಯಗಳಾದವು. ಕೊನೆಯದು 2022ರ ಡಿಸೆಂಬರ್ 5ರಂದು, ಬ್ರಾಝಿಲ್ ದೇಶದವರು ದಕ್ಷಿಣ ಕೊರಿಯಾದವರನ್ನು 4-1ರಿಂದ ಸೋಲಿಸಿದ ಪಂದ್ಯ.

ಪಂದ್ಯವಾದ ಮೇಲೆ ಇಡಿಯ ಅಂಗಣವನ್ನು ಬಿಚ್ಚುವರು, ಬೇಕಾದ ದೇಶಕ್ಕೆ ಕಳಿಸುವರು ಎಂದು ಹೇಳಿಕೆಯಾಗಿತ್ತು. ಬಿಚ್ಚಲು ಬರುವಂತೆಯೇ ಕಟ್ಟಿದ್ದರೆಂಬದರಲ್ಲಿ ಸಂಶಯವಿಲ್ಲ. ಆದರೆ ಎರಡು ವರುಷ ಕಳೆದು 2024ರ ಡಿಸೆಂಬರಿನಲ್ಲಿ ಬೇರೊಂದು ಫುಟ್‌ಬಾಲ್ ಕೂಟದ ಪಂದ್ಯಗಳು ಅದೇ ಅಂಗಣದಲ್ಲಿ, ಅದೇ ಸಮುದ್ರದಂಡೆಯಲ್ಲಿ ನಡೆದವು. ನಿಂತಲ್ಲಿಯೇ ಮತ್ತೆ ಉಪಯೋಗಕ್ಕೆ ಬಂದರೆ ತಪ್ಪೇನು ಎಂದು ಕೇಳಬಹುದು. ತಪ್ಪೇನೂ ಇಲ್ಲ. ಆದರೆ ಬಿಚ್ಚಿ ಸಾಗಿಸಲು ಬರುವ ಕಟ್ಟಡಕ್ಕೆ ಕೀಲು, ಬೋಲ್ಟು, ಚೌಕಟ್ಟುಗಳೆಂದು ಹೆಚ್ಚು ಉಕ್ಕು ಬೇಕಾಗುವದು. ಆ ಹೆಚ್ಚಿನ ಉಕ್ಕಿನ ಸಾಲವು ತೀರಬೇಕಾದರೆ ಅದು ಒಂದೆರಡು ಸಲವಾದರೂ ಬೇರೆ ಊರನ್ನು ಕಾಣಬೇಕು, ಆ ಊರು ಬಹಳ ದೂರದ್ದೂ ಆಗಿರಬಾರದು. ನಿಂತಲ್ಲಿಯೇ ನಿಂತರೆ ಅದು ಉಳಿದ ಕಟ್ಟಡಗಳಂತೆ ಒಂದು ಕಟ್ಟಡ, ತುಸು ತೂಕದ್ದು.

ರಿಯೊ ನಗರದ ಕಥೆ ಇದಕ್ಕಿಂತ ಬೋಧಪ್ರದವಾಗಿದೆ. 2016ರ ಒಲಿಂಪಿಕ್ಸಿನಲ್ಲಿ ಹ್ಯಾಂಡ್‌ಬಾಲ್ ಆಟಕ್ಕೆಂದು ಕಟ್ಟಿದ ಮಂಟಪವನ್ನು ಬಿಚ್ಚಿ, ಅದರ ಸಾಮಾನಿನಿಂದ ನಾಲ್ಕು ಶಾಲೆಗಳನ್ನು ಕಟ್ಟುವೆವೆಂದು ಅಲ್ಲಿಯವರು ಮೊದಲೇ ಸಾರಿದ್ದರು. ವಿಚಾರವು ಎಷ್ಟು ಸುಂದರವೆಂದರೆ ಓದಿದವರೆಲ್ಲರೂ ಶಾಲೆಗಳು ಆಗಿಯೇ ಹೋದವೆಂದು ಭಾವಿಸಿದರು. ಆಟ ಮುಗಿಯಿತು, ಪತಾಕೆಗಳು ಇಳಿದವು, ಬೊಕ್ಕಸ ಬರಿದಾಯಿತು. ಮಂಟಪವು ವರುಷಗಳ ಕಾಲ ನಿಂತಲ್ಲಿಯೇ ನಿಂತಿತು, ಬಿಚ್ಚುವ ಕೆಲಸಕ್ಕೆ ಕೈ ಹತ್ತಲು ತಡವಾಯಿತು. ಕಟ್ಟುವ ಹಣವು ಕೂಟದ ಲೆಕ್ಕದಲ್ಲಿ ಇರುತ್ತದೆ. ಬಿಚ್ಚುವ ಹಣ, ಸಾಗಿಸುವ ಹಣ, ಮರಳಿ ಕಟ್ಟುವ ಹಣ ಯಾರ ಲೆಕ್ಕದಲ್ಲಿಯೂ ಇರುವದಿಲ್ಲ.

ಜಾತ್ರೆಯ ಕಣಕ್ಕೂ ಇವಕ್ಕೂ ಇರುವ ಭೇದವು ಇಲ್ಲಿಯೇ ಇರುವದು. ಬಿಚ್ಚಲು ಬರುವದು ಕಣದ ಗುಣವಲ್ಲ. ಬಿಚ್ಚಿದ ಪ್ರತಿಯೊಂದು ವಸ್ತುವಿಗೂ ಒಂದು ಮನೆ ಇತ್ತೆಂಬದು ಅದರ ಗುಣ. ಚಕ್ಕಡಿಯು ಕುಸ್ತಿಗಾಗಿ ಹುಟ್ಟಲಿಲ್ಲ. ಅದಕ್ಕೆ ನಾಳೆ ಗೊಬ್ಬರ ಹೇರುವ ಕೆಲಸವಿದೆ, ಆದುದರಿಂದ ಅದು ಈ ರಾತ್ರಿಯೇ ಹೋಗಬೇಕು. ಗಳದ ಒಡೆಯನು ಮರುದಿನ ಬೆಳಿಗ್ಗೆ ಬಾಗಿಲಿಗೆ ಬಂದು ನಿಲ್ಲುವನು. ದೋಹಾದ ಪೆಟ್ಟಿಗೆಗಳಿಗೆ ಎಣಿಕೆ ಇತ್ತು, ಕಾಯುವ ಮನೆ ಇರಲಿಲ್ಲ.

ಇದಕ್ಕೆ ಒಪ್ಪುವ ಉದಾಹರಣೆಯೊಂದು ಅಮೇರಿಕೆಯಲ್ಲಿಯೇ ಸಿಗುತ್ತದೆ. 2024ರ ಇಪ್ಪತ್ತು ಓವರಿನ ಕ್ರಿಕೆಟ್ ಜಗತ್-ಕಪ್ಪಿಗಾಗಿ ನ್ಯೂಯಾರ್ಕಿನ ಹತ್ತಿರದ ನಸ್ಸಾವ್ ಪ್ರಾಂತದಲ್ಲಿ ಒಂದು ಸಾರ್ವಜನಿಕ ಉದ್ಯಾನದೊಳಗೆ 34,000 ಜನರ ಅಂಗಣವನ್ನು ಕೆಲವೇ ತಿಂಗಳುಗಳಲ್ಲಿ ನಿಲ್ಲಿಸಿದರು. ಮೆಟ್ಟಲುಸಾಲುಗಳ ಒಂದು ಪಾಲು ಲಾಸ್ ವೇಗಾಸ್ ಊರಿನ ಮೋಟಾರು ಪಂದ್ಯದಿಂದ ಬಂದದ್ದು. ಎಂಟು ಪಂದ್ಯಗಳಾದವು, ಜೂನ್ 12ರಂದು ಭಾರತ-ಅಮೇರಿಕೆಗಳ ಪಂದ್ಯ ಮುಗಿಯುತ್ತಲೇ ಬಿಚ್ಚುವ ಕೆಲಸ ನಡೆಯಿತು. ತಡಮಾಡುವಂತಿರಲಿಲ್ಲ, ಉದ್ಯಾನವು ಊರವರದು, ಮೋಟಾರು ಪಂದ್ಯವು ವರುಷಕ್ಕೊಮ್ಮೆ ಬರತಕ್ಕದ್ದು. ಎರವಿನ ನಿಯಮವು ಅಲ್ಲಿಯೂ ತನ್ನ ಕೆಲಸವನ್ನು ಮಾಡಿತು.

ಆದರೆ ಮಣ್ಣಿನ ವಿಷಯದಲ್ಲಿ ಆ ಅಂಗಣವು ಎಡವಿತು. ಆಡುವ ಪಟ್ಟಿಗಳನ್ನು ದಕ್ಷಿಣದ ಫ್ಲಾರಿಡಾ ಪ್ರಾಂತದಲ್ಲಿ ದೊಡ್ಡ ತಟ್ಟೆಗಳೊಳಗೆ ಬೆಳೆಸಿ, ಸಾವಿರಕ್ಕೂ ಮಿಕ್ಕಿದ ಮೈಲುಗಳ ದೂರ ಲಾರಿಗಳಲ್ಲಿ ತಂದು ಕೂಡಿಸಿದ್ದರು. ಆಸ್ಟ್ರೇಲಿಯದ ಆಡಿಲೇಡಿನ ತಜ್ಞರು ಈ ಕೆಲಸದಲ್ಲಿ ಪಳಗಿದವರು. ಆದರೂ ಚೆಂಡು ಒಮ್ಮೆ ಮೊಳಕಾಲಿಗೆ, ಒಮ್ಮೆ ಗಂಟಲಿಗೆ ಏಳತೊಡಗಿತು. ಮೊದಲ ಪಂದ್ಯದಲ್ಲಿ ಶ್ರೀಲಂಕಾದವರು 77ಕ್ಕೆ ಎಲ್ಲರೂ ಔಟಾದರು. ಜೂನ್ 9ರಂದು ಭಾರತದವರು 119ಕ್ಕೆ ಮುಗಿದರೂ ಪಾಕಿಸ್ತಾನದವರನ್ನು 6 ಓಟಗಳಿಂದ ಗೆದ್ದರು.

ಆ ಪಂದ್ಯವು ಇಲ್ಲಿಯ ಗಡಿಯಾರದಂತೆ ರಾತ್ರಿ ಎಂಟು ಗಂಟೆಯ ಮೇಲೆ ಸುರುವಾಗಿ ನಡುರಾತ್ರಿ ದಾಟಿದ ಮೇಲೆ ಮುಗಿಯಿತು. ಇಂಥ ಒಂದು ರಾತ್ರಿ, ಹರೆಯದಲ್ಲಿ ಗರಡಿ ಕಂಡ ಮುದುಕರೊಬ್ಬರು ಮೊಮ್ಮಗನ ಪಕ್ಕದಲ್ಲಿ ಕುಳಿತು ಆಟ ನೋಡಿದರೆ ನಡೆಯುವ ಮಾತು ಹೀಗಿರುವದು:

“ಅಜ್ಜಾ, ಇಡೀ ಮೈದಾನಾನ ಮೂರ್ನಾಕು ತಿಂಗಳದಾಗ ಎಬ್ಬಿಸ್ಯಾರಂತ ನೋಡು.”

“ಎಬ್ಬಿಸ್ಲಿ ತಮ್ಮಾ. ಮಣ್ಣು ಎಲ್ಲಿಂದು?”

“ಫ್ಲಾರಿಡಾದಿಂದ ಲಾರಿ ಮ್ಯಾಲೆ ತಂದಾರ.”

“ಹಂಗಾದ್ರ ಅದಕ್ಕಿನ್ನೂ ದಣಿವಾರಿಲ್ಲ ಬಿಡು.”

ಕ್ರೀಡಾ ಸಂಸ್ಥೆಯವರು ಕೂಡ, ಪಟ್ಟಿಗಳು ಬಯಸಿದಷ್ಟು ಸಮವಾಗಿ ವರ್ತಿಸಲಿಲ್ಲವೆಂದು ಒಪ್ಪಿಕೊಂಡರು. ಉಕ್ಕನ್ನು ಅವಸರಪಡಿಸಬಹುದು, ಬೇರು ಬಿಡುವ ಹುಲ್ಲನ್ನೂ ಕೂಡಿಕೊಳ್ಳುವ ಮಣ್ಣನ್ನೂ ಅವಸರಪಡಿಸಲಾಗದು. ಕರಾವಳಿಯ ಕಂಬಳವನ್ನು 2023ರ ನವಂಬರ್ 25 ಮತ್ತು 26ರಂದು ಬೆಂಗಳೂರಿನ ಅರಮನೆಯ ಮೈದಾನದಲ್ಲಿ ನಡೆಸಿದಾಗಲೂ ಕೆಸರಿನ ಓಟದ ಕರೆಯನ್ನು ಹೊಸದಾಗಿ ಅಗೆದು ಹದಗೊಳಿಸಬೇಕಾಯಿತು. ಕೋಣಗಳು ಘಟ್ಟ ಹತ್ತಿ ಬಂದವು. ಗದ್ದೆಯಿಂದ ಹುಟ್ಟಿದ ಆಟವು ಗದ್ದೆಯನ್ನು ಬಿಟ್ಟು ಬಂದಾಗ ಹುರುಪು ಬಂದಿತು, ಜನ ಕಿಕ್ಕಿರಿದರು. ಆದರೆ ತನ್ನ ಊರಿನಲ್ಲಿ ಓಟದ ಮಾರನೆಯ ದಿನವೂ ಆ ನೆಲಕ್ಕೆ ಒಂದು ಬಾಳ್ವೆ ಇತ್ತು. ರಾಜಧಾನಿಯಲ್ಲಿ ಅದು ಎರಡು ದಿನದ ಕೆಸರು.

ಹೊರಗಿನವರನ್ನು ಇಷ್ಟು ವಿಮರ್ಶಿಸಿದ ಮೇಲೆ ಒಳಗಿನ ಸ್ಥಿತಿಯನ್ನು ಮರೆಮಾಡುವದು ನ್ಯಾಯವಲ್ಲ. ಒಕ್ಕುವ ಕಣವು ಹೋಯಿತು. ಯಂತ್ರವು ಹೊಲದಲ್ಲಿಯೇ ರಾಶಿ ಮಾಡಿಕೊಡುತ್ತದೆ, ಉಳಿದದ್ದನ್ನು ಡಾಂಬರು ರಸ್ತೆಯ ಮೇಲೆ ಹರಡಿ ಮೋಟಾರುಗಳಿಂದ ತುಳಿಸುವರು. ಮೇಟಿ ಎಂದರೇನೆಂದು ಕೇಳುವ ಮಕ್ಕಳು ರೈತರ ಮನೆಗಳಲ್ಲಿಯೇ ಇದ್ದಾರೆ. ಚಕ್ಕಡಿಗಳು ವಿರಳವಾದವು, ಮೆಟ್ಟಲುಸಾಲಾಗಿ ನಿಲ್ಲುವಷ್ಟು ಚಕ್ಕಡಿಗಳು ಒಂದು ಜಾತ್ರೆಗೆ ಕೂಡಿ ಬರುವದು ಅಪರೂಪ. ಮಲಪ್ರಭೆಯ ಕಾಲುವೆಯ ನೀರು ಬಂದಲ್ಲಿ ಹೊಲಕ್ಕೆ ಬಿಡುವೂ ಕಡಿಮೆಯಾಯಿತು. ಇದಕ್ಕಾಗಿ ಯಾರೂ ಅಳಬೇಕಾಗಿಲ್ಲ. ಬರದ ಭಯವು ತುಸುವಾದರೂ ತಗ್ಗಿದ್ದು ದೊಡ್ಡ ಮಾತು. ಆದರೆ ಗುತ್ತಿಗೆದಾರನು ಈಗ ಲಾರಿಯಲ್ಲಿ ಕಬ್ಬಿಣದ ಕಂಬ, ಹಲಗೆ, ತಾಡಪತ್ರಿಗಳನ್ನು ತಂದು ಗ್ಯಾಲರಿ ಕಟ್ಟುವನು, ಮರುದಿನ ಬಿಚ್ಚಿ ಇನ್ನೊಂದು ಊರಿಗೆ ಒಯ್ಯುವನು. ವಸ್ತುವಿನ ಮರುಬಳಕೆಯ ದೃಷ್ಟಿಯಿಂದ ಅವನು ದೋಹಾದವರಿಗಿಂತ ಶ್ರೇಷ್ಠನೆಂದೇ ಹೇಳಬೇಕು; ಒಂದೇ ಕಂಬವು ಒಂದು ಬೇಸಗೆಯಲ್ಲಿ ಎಷ್ಟೋ ಜಾತ್ರೆಗಳನ್ನು ನೋಡುತ್ತದೆ. ಕಳೆದುಹೋದದ್ದು ಕಂಬವಲ್ಲ. ಗಳ ಕೊಟ್ಟ ಮನೆಯವರು, ಹಂಡೆ ಕೊಟ್ಟ ಮನೆಯವರು ಆ ಕುಸ್ತಿಯನ್ನು ತಮ್ಮದೆಂದು ತಿಳಿಯುತ್ತಿದ್ದರು. ಬಾಡಿಗೆ ಕೊಟ್ಟವರು ಹಾಗೆ ತಿಳಿಯರು, ವರ್ಗಣಿ ಕೊಟ್ಟು ಸುಮ್ಮನಾಗುವರು. ಗರಡಿಗೆ ಬರುವ ಹುಡುಗರ ಸಂಖ್ಯೆ ಇಳಿದದ್ದಕ್ಕೆ ಬೇರೆ ಕಾರಣಗಳೂ ಉಂಟು. ದೇಶವಿದೇಶದ ಪಂದ್ಯಗಳು ಮೆತ್ತೆಯ ಮೇಲೆ ನಡೆಯುತ್ತವೆ. ಮಣ್ಣಿನಲ್ಲಿ ಕಲಿತವನು ಮತ್ತೊಮ್ಮೆ ಕಲಿಯಬೇಕಾಗುವದು. ಆದರೂ ಮಣ್ಣು ಸಾಣಿಸುವ ಕೆಲಸಕ್ಕೆ ಓಣಿಯ ಹುಡುಗರನ್ನು ಕರೆಯುವದು ನಿಂತ ಮೇಲೆ, ಅವರಲ್ಲಿ ಒಬ್ಬಿಬ್ಬರು ಲಂಗೋಟಿ ಕಟ್ಟಿ ಇಳಿಯುವದೂ ನಿಂತಿತು.

ಹಾಗಾದರೆ ತಾಲೂಕಿಗೊಂದು ಕಾಂಕ್ರೀಟಿನ ಅಂಗಣವನ್ನು ಕಟ್ಟಿಬಿಡುವದು ಉತ್ತಮವಲ್ಲವೆ ಎಂಬ ವಾದವುಂಟು. ಕೊಲ್ಹಾಪುರದಲ್ಲಿ ಶಾಹೂ ಮಹಾರಾಜರು 1912ರಲ್ಲಿ ಮಾಡಿಸಿದ ಖಾಸಬಾಗ ಮೈದಾನವನ್ನು ಇದಕ್ಕೆ ದೃಷ್ಟಾಂತವಾಗಿ ಕೊಡುವರು. ನಡುವೆ ಕಣ, ಸುತ್ತಲೂ ಬೋಗುಣಿಯಂತೆ ಏರುವ ನೆಲ. ಎಲ್ಲಿ ಕುಳಿತರೂ ಜಟ್ಟಿಗಳ ಕಾಲು ಕಾಣುವದು. ಆದರೆ ಕೊಲ್ಹಾಪುರದಲ್ಲಿ ಪೇಟೆ ಪೇಟೆಗೆ ತಾಲೀಮುಗಳಿದ್ದವು, ಮೈದಾನಕ್ಕೆ ಕೆಲಸವಿತ್ತು. ವರುಷಕ್ಕೆ ಎರಡು ದಿನ ಕುಸ್ತಿಯಾಗುವ ಊರಿಗೆ ಬೀಗ ಹಾಕಿದ ಅಂಗಣವು ಕೂಡಿಬರುವದಿಲ್ಲ.

ಈಗ 2030ರ ಕಾಮನ್‌ವೆಲ್ತ್ ಕ್ರೀಡಾಕೂಟವು ಅಹಮದಾಬಾದಿಗೆ ಬಂದಿದೆ. ಒಂದು ಲಕ್ಷಕ್ಕೂ ಮಿಕ್ಕಿ ಜನ ಕೂಡ್ರುವ ಕ್ರಿಕೆಟ್ ಮೈದಾನವು ಅಲ್ಲಿ ಮೊದಲೇ ಇದೆ. ಉಳಿದ ಆಟಗಳಿಗೆ ಬಿಚ್ಚುವ ಮಂಟಪಗಳ ಮಾತು ಬಾರದೆ ಇರದು. ಬಂದಾಗ, ಕಬ್ಬಿಣವನ್ನು ಕೊಯ್ಯುವ ಮೊದಲೇ ಅದರ ಮೇಲೆ ಮನೆಯ ಹೆಸರನ್ನು ಬರೆಯತಕ್ಕದ್ದು: ಈ ಮಾಡು ಇಂಥ ಊರಿನ ಶಾಲೆಗೆ, ಈ ಮೆಟ್ಟಲುಸಾಲು ಇಂಥ ತಾಲೂಕಿನ ಬಯಲಿಗೆ, ಒಯ್ಯುವವರು ಇಂಥವರು, ದಿನ ಇಂಥದು. ಒಂದು ಸಾವಿರ ಜನ ಕೂಡ್ರುವ ಸಾಲು ರೋಣದಂಥ ಊರಿನ ಜಾತ್ರೆಗೆ ಧಾರಾಳವಾಗಿ ಸಾಕು, ಜಾತ್ರೆ ಮುಗಿದ ಮೇಲೆ ಅದು ನರಗುಂದಕ್ಕೂ ಅಲ್ಲಿಂದ ಗಜೇಂದ್ರಗಡಕ್ಕೂ ಹೋಗಬಹುದು. ಆದರೆ ಅಹಮದಾಬಾದಿನಿಂದ ಅದನ್ನು ತರುವ ಲಾರಿಯ ಬಾಡಿಗೆಯನ್ನು ಯಾರು ಕೊಡುವರೆಂಬದು ಕೂಟದ ಲೆಕ್ಕಪತ್ರದಲ್ಲಿ ಈಗಲೇ ಬರೆದಿಡಬೇಕಾದ ಬಾಬು.